ಲಕ್ಕಿ ಸೊಪ್ಪಿನ ಮೇಡಂ

ನಮ್ಮ ಮೇಡಂ ಅವರ ಬೆರಳ ತುದಿಗಳು ಸದಾ ಹಸಿರುಗಟ್ಟಿರುತ್ತಿದ್ದವು. ಬೇಲಿಯಲ್ಲಿ ಬೆಳೆಯುವ ಲಕ್ಕಿ ಗಿಡದ ಸೊಪ್ಪನ್ನು ಅರೆದು, ಹಿಂಡಿ, ಸೋಸುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಹಾಜರಿ ಕರೆಯುವಾಗ ಮೊದಲ ಬೆಂಚಿನವರೆಗೂ ಆ ಘಾಟು ಬರುತ್ತಿತ್ತು. ಮದುವೆಮನೆಯಲ್ಲಿ ಯಾರಾದರೂ "ಗೋರಂಟಿ ಹಚ್ಕೊಂಡಿಲ್ವಾ?" ಎಂದರೆ, "ಹಚ್ಕೊಂಡಿದೀನಲ್ಲ, ಬಣ್ಣ ಸ್ವಲ್ಪ ಬೇರೆ" ಎಂದು ಕೈ ಚಾಚಿ ತೋರಿಸುವಂಥ ಹೆಂಗಸು.

ಅವರು ದಾವಣಗೆರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆ ಅವರ ಕೈಕೆಳಗೆ ಸೇರಿದವಳು. ಎಂ.ಸಿ.ಸಿ. ಬಡಾವಣೆಯ ಮನೆಯಿಂದ ಸ್ಕೂಟರ್ ಹೊರಡಿಸಿ, ಕಾಲ ಬಳಿ ಔಷಧಿ ಹೊಡೆಯುವ ಪಂಪ್ ಇಟ್ಟುಕೊಂಡು, ಹಿಂದೆ ನನ್ನನ್ನು ಕೂರಿಸಿಕೊಂಡು ಹರಿಹರ ದಾಟಿ ಕೊಕ್ಕನೂರಿಗೆ ಹೋಗುತ್ತಿದ್ದರು. ಬಯ್ಯುವುದರಲ್ಲಿ ಜಿಪುಣತನವಿರಲಿಲ್ಲ. ನಾನು ಕುಣಿದಾಡುತ್ತ ಒಳ್ಳೆಯ ಫಲಿತಾಂಶ ತಂದ ದಿನವಂತೂ ಮುಖ ಇನ್ನೂ ಬಿಗಿಯಾಗುತ್ತಿತ್ತು. "ಉತ್ತರ ಖುಷಿ ಕೊಡ್ತಾ? ಹಂಗಾದ್ರೆ ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬಾ." ನನಗೆ ಆಗ ಇದು ಬರೀ ಕಿರಿಕಿರಿ ಅನಿಸುತ್ತಿತ್ತು.

ಕೊಕ್ಕನೂರಿನಲ್ಲಿ ಹಿರಿಯ ರೈತರೊಬ್ಬರು ತಮ್ಮ ಭತ್ತದ ಗದ್ದೆಯಲ್ಲಿ ಬದು ಕಟ್ಟಿದ ಎರಡು ತುಂಡು ನೆಲ, ಎರಡು ಮಡಿ, ಬಿಟ್ಟುಕೊಟ್ಟಿದ್ದರು. ಆ ರೈತರನ್ನು ಮೇಡಂ "ಯಜಮಾನ್ರೇ" ಎಂದೇ ಕರೆಯುತ್ತಿದ್ದರು. ಒಂದು ಮಡಿಗೆ ಸೊಪ್ಪಿನ ರಸ, ಇನ್ನೊಂದಕ್ಕೆ ಬರೀ ನೀರು. ಭತ್ತದ ಬುಡದಲ್ಲಿ ಕೂತು ರಸ ಹೀರಿ ಪೈರನ್ನು ಸುಟ್ಟಂತೆ ಒಣಗಿಸುವ ಜಿಗಿಹುಳಕ್ಕೆ ಈ ಸೊಪ್ಪು ತಡೆಯಾಗುತ್ತದೆಯೇ ಎಂಬುದು ಪ್ರಶ್ನೆ. ಆ ಬೆಳೆಯಲ್ಲಿ ನೀರಿನ ಮಡಿ ಒಣಗಿತು, ಸೊಪ್ಪಿನ ಮಡಿ ನಳನಳಿಸಿತು. ಪೇಪರಿನಲ್ಲಿ ಮೇಡಂ ಫೋಟೋ ಬಂತು, ರೈತರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಮಂಡಿಪೇಟೆಯ ವ್ಯಾಪಾರಿಯೊಬ್ಬರು ರಸವನ್ನು ಬಾಟಲಿಗೆ ತುಂಬಿಸಿ, ಅದೇ ಫೋಟೋವನ್ನು ಚೀಟಿಗೆ ಅಚ್ಚು ಹಾಕಿಸಿದರು. ಮುಂದಿನ ನಾಟಿ ಮುಗಿಯುವಷ್ಟರಲ್ಲಿ ಅವು ಅಂಗಡಿಗೆ ಬರುವುದಿತ್ತು.

ಬಾಟಲಿ ಹೊರಬರುವ ಮುಂಚೆ ಮೇಡಂ ತಮ್ಮ ಚಾಳಿಯಂತೆ ಮತ್ತೊಮ್ಮೆ ಕೊಕ್ಕನೂರಿಗೆ ಹೊರಟರು. ಯಜಮಾನರ ಹೆಂಡತಿ ನಮಗೆ ಮಂಡಕ್ಕಿ ಒಗ್ಗರಣೆ ಕೊಡುತ್ತಾ, ಅಭಿಮಾನ ತುಂಬಿ ಹೇಳಿದರು: "ನೀವು ಬಿಸ್ಲಾಗೆ ಎಷ್ಟು ಒದ್ದಾಡ್ತೀರಿ ಮೇಡಂ! ಹೋದ ಬೆಳ್ಯಾಗೆ ನಿಮ್ಮ ಸೊಪ್ಪಿನ ಮಡ್ಯಾಗೆ ಹುಳ ಕಾಣಿಸ್ಕಂಡ್ವು. ನೀವು ನೋಡಿ ಬ್ಯಾಸರ ಮಾಡ್ಕಂತೀರಂತ ನಮ್ಮೋರೇ ಅಂಗಡಿ ಔಷಧಿ ತಂದು ಒಂದ್ಸರ್ತಿ ಹೊಡೆದ್ರು."

ಮೇಡಂ ತಟ್ಟೆ ಕೆಳಗಿಟ್ಟರು. ಬಯ್ಯಲಿಲ್ಲ. "ನಿಮ್ಮ ಪ್ರೀತಿ ದೊಡ್ಡದಮ್ಮಾ" ಎಂದಷ್ಟೇ ಹೇಳಿ, ತಟ್ಟೆ ಖಾಲಿ ಮಾಡಿಯೇ ಎದ್ದರು.

ಅಲ್ಲಿಂದ ಸೀದಾ ಮಂಡಿಪೇಟೆಗೆ ಹೋದೆವು. ವ್ಯಾಪಾರಿಗೆ ತಲೆಬಿಸಿಯಾಯಿತು. "ಮಾಲು ತಯಾರೈತ್ರಿ ಮೇಡಂ. ಸೊಪ್ಪಿನ ರಸ ತಾನೇ, ಯಾರಿಗೂ ಏನೂ ಆಗಂಗಿಲ್ಲ."

"ಯಾರಿಗೂ ಏನೂ ಆಗಲ್ಲ, ಹುಳಕ್ಕೂ ಏನೂ ಆಗ್ದೇ ಇರಬೋದು. ಇದನ್ನ ನಂಬಿ ಕೂತೋರ ಬೆಳೆ ಹೋದ್ರೆ ಯಾರ್ರಿ ಜವಾಬ್ದಾರಿ? ನನ್ನ ಮುಖ ಐತಲ್ಲ ಅದ್ರ ಮ್ಯಾಲೆ!" ಆ ಬಾಟಲಿಗಳು ಅಂಗಡಿ ಸೇರಲಿಲ್ಲ. ವ್ಯಾಪಾರಿ ಆಮೇಲೆ ಮೇಡಂ ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ವಾಟ್ಸಾಪಿನಲ್ಲಿ ಓದಿದವರು ಮನೆಯಲ್ಲೇ ಸೊಪ್ಪು ಅರೆಯಲು ಶುರುಮಾಡಿದ್ದರು. ಮೇಡಂ ಕೊಕ್ಕನೂರಿನವರನ್ನು ಕಟ್ಟೆಯ ಬಳಿ ಸೇರಿಸಿ ನಿಂತೇ ಮಾತಾಡಿದರು. "ನಾನು ಹೋದ ಬೆಳೇಲಿ ಹೇಳಿದ್ದು ನಂಬೋ ಹಂಗಿಲ್ಲ. ಪ್ರಯೋಗದಾಗೆ ತಪ್ಪಾಗೈತೆ. ಇನ್ನೊಂದ್ಸಲ ಸರಿಯಾಗಿ ನೋಡೋವರೆಗೂ ಸೊಪ್ಪು ನಂಬ್ಕೊಂಡು ಕೂಡಬ್ಯಾಡ್ರಿ."

"ತಪ್ಪು ಯಾರ್ದು?" ಎಂದು ಒಬ್ಬ ಹುಡುಗ ಕೇಳಿದ.

"ನಂದೇ. ಅಪರೂಪಕ್ಕೆ ಬಂದು ನೋಡಿ ಹೋಗ್ತಿದ್ದೆ. ಮಡಿ ಕಾಯ್ಬೇಕಿತ್ತು, ಕಾಯ್ಲಿಲ್ಲ."

ಅಷ್ಟು ವರ್ಷದ ಹೆಸರನ್ನು ಅವರೇ ಕೈಯಾರೆ ಕೆಳಗಿಳಿಸುತ್ತಿದ್ದರು. ಮೇಡಂ ಯಜಮಾನರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಯಜಮಾನರೇ ಎದ್ದು ನಿಂತರು, ಟವೆಲ್ಲು ಕೈಯಲ್ಲಿ ಹಿಂಡಿಹೋಗಿತ್ತು. "ಮೇಡಂದಲ್ಲ, ನಂದು ತಪ್ಪು. ಅವ್ರ ಮರ್ಯಾದಿ ಹೋಗಬಾರ್ದಂತ ಕದ್ದು ಔಷಧಿ ಹೊಡೆದೋನು ನಾನು. ಮುಂದಿನ ಬೆಳಿಗೆ ಮತ್ತೆ ಎರಡು ಮಡಿ ಕೊಡ್ತೀನಿ. ಹಾಳಾದ್ರೆ ಹಾಳಾಗ್ಲಿ, ಕೈ ಹಚ್ಚಂಗಿಲ್ಲ."

ಕೊಟ್ಟರು, ಕೈ ಹಚ್ಚಲಿಲ್ಲ. ಹುಳ ಬಂದಾಗ ಸೊಪ್ಪಿನ ಮಡಿಯೂ ನೀರಿನ ಮಡಿಯೂ ಒಂದೇ ರೀತಿ ಕಂದಿಹೋದವು. ಜೀವಮಾನವೆಲ್ಲ ಭತ್ತ ಬೆಳೆದ ಮನುಷ್ಯ ಕಣ್ಣೆದುರಿಗೇ ಪೈರು ಒಣಗುವುದನ್ನು ನೋಡುತ್ತ ಬದುವಿನ ಮೇಲೆ ಸುಮ್ಮನೆ ಕೂತಿದ್ದರು. "ನಿಮ್ಮ ಸೊಪ್ಪು ಕೆಲ್ಸ ಮಾಡಂಗಿಲ್ಲ ಮೇಡಂ" ಎಂದರು, ಸಾವಿನ ಸುದ್ದಿ ಹೇಳುವವರ ಹಾಗೆ. ಮೇಡಂ ಅವರ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು ಅತ್ತುಬಿಟ್ಟರು. ನಷ್ಟ ತುಂಬಿಕೊಡಲು ಹೋಗಿ ಯಜಮಾನರಿಂದ ಬೈಸಿಕೊಂಡೂ ಬಂದರು. ಪೇಪರಿಗೆ ತಾವೇ ಹೋಗಿ ಹೇಳಿದರು. ಈ ಸಲ ಫೋಟೋ ಇರಲಿಲ್ಲ, ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು.

ಹೋದ ಶ್ರಾವಣದಲ್ಲಿ ಮೇಡಂ ತೀರಿಕೊಂಡರು. ಅವರು ಕಂಡುಹಿಡಿದದ್ದೇನು ಎಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಬಾಟಲಿಯೂ ಇಲ್ಲ.

ನಾನೀಗ ಹರಿಹರದಲ್ಲಿ ರೈತರಿಗೆ ಬೆಳೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಮೊನ್ನೆ ಒಬ್ಬರು ಮೊಬೈಲಿನಲ್ಲಿ ರೋಗದ ಎಲೆಯ ಫೋಟೋ ತೋರಿಸಿ ಔಷಧಿ ಕೇಳಿದರು. "ಇದೇನಂತ ನಂಗೆ ಗೊತ್ತಾಗ್ತಿಲ್ರಿ, ಗದ್ದೆಗೆ ಬಂದು ನೋಡ್ಬೇಕು" ಎಂದೆ. ಅವರು ಸಿಟ್ಟಿನಿಂದ ಎದ್ದರು. ಪಕ್ಕದಲ್ಲಿದ್ದ ಕೊಕ್ಕನೂರಿನ ಮುದುಕರೊಬ್ಬರು ಅವರ ತೋಳು ಹಿಡಿದರು. "ಕೂಡ್ರಿ. ಆ ಸೊಪ್ಪಿನ ಮೇಡಂ ಕೈಯಾಗೆ ಕಲ್ತೋರು ಇವ್ರು. ಗೊತ್ತಿಲ್ಲ ಅಂದ್ರೆ ಖರೇನ ಗೊತ್ತಿಲ್ಲ. ನಾಳೆ ಗೊತ್ತಾತು ಅಂದಾಗ ನಂಬಬೋದು."

ಅವರು ಕೂತರು. ಆ ನಂಬಿಕೆ ನಾನು ಗಳಿಸಿದ್ದಲ್ಲ, ಮೇಡಂ ಬಿಟ್ಟುಹೋದದ್ದು. ಅದನ್ನು ಕೆಡಿಸದೆ ಉಳಿಸಿಕೊಂಡರೆ ನನ್ನ ಓದು ಸಾರ್ಥಕ.