ಡೆಯೊಲಿಂಡಾಳ ಮರದ ಮೇ ಹೂವು

ಡೆಯೊಲಿಂಡಾ ಮುದುಕಿಗೆ ಎಪ್ಪತ್ತೆರಡು. ಅದರಲ್ಲಿ ಐವತ್ತು ವರ್ಷವನ್ನಾದರೂ ಅವಳು ಯಾರದೋ ಮೇಲೆ ಸಿಟ್ಟಾಗಿಯೇ ಕಳೆದಿದ್ದಾಳೆ: ತಡವಾಗಿ ಬರುವ ಪಾದ್ರಿಯ ಮೇಲೆ, ಕಾಫಿಗೆ ಬೀಜಕ್ಕಿಂತ ಜೋಳ ಹೆಚ್ಚು ಹುರಿದು ಬೆರೆಸುವ ಅಂಗಡಿಯವನ ಮೇಲೆ, ಮಗಳು ಹುಟ್ಟಿದ ವರ್ಷವೇ ರಿಯೊಗೆ ಓಡಿಹೋದ ಗಂಡನ ಮೇಲೆ. ಅಂಗಳದ ಸೆದ್ರು ಮರದ ಕೆಳಗೆ ಮಾತ್ರ ಅವಳ ನಾಲಿಗೆ ಮೆತ್ತಗಾಗುತ್ತಿತ್ತು. ಅದರ ಕವಲುಗಳಲ್ಲಿ ಅವಳ ಅಜ್ಜಿ ಕೂರಿಸಿದ ಮೇ ಹೂವಿನ ಗಿಡ ಜೋತಾಡುತ್ತಿತ್ತು. ಪಾಪಾಸುಕಳ್ಳಿಯ ಜಾತಿಯೇ, ಆದರೆ ಮುಳ್ಳಿಲ್ಲ, ಮಣ್ಣೂ ಬೇಡ, ಮರದ ಪಾಚಿ ಸಾಕು. ಮೇ ತಿಂಗಳಲ್ಲಿ ಮಾತೆ ಮೇರಿಯ ಕಿರೀಟಕ್ಕೆ ಕೆಂಪು ಹೂವು ಅಲ್ಲಿಂದಲೇ ಹೋಗಬೇಕು.

ಆ ಗಿಡದ ತುಂಡನ್ನು ಬೆಟ್ಟದ ಊರುಗಳಲ್ಲಿ ಯಾರೂ ಕೇಳಿ ಪಡೆಯುವುದಿಲ್ಲ. ಕೊಟ್ಟದ್ದು ಬೇರು ಬಿಡುವುದಿಲ್ಲ, ಕದ್ದದ್ದೇ ಹಿಡಿಯುವುದು. ಬೇಲಿಯ ಹತ್ತಿರ ಯಾರಾದರೂ ಸುಳಿದಾಡಿದರೆ ಕದಿಯಲಿ ಎಂದೇ ಡೆಯೊಲಿಂಡಾ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಪಕ್ಕದ ಮನೆಯ ಜೊರೈಡೆಯೂ ಹಾಗೇ ಕದ್ದವಳು. ಅದಕ್ಕೆ ಸಿಟ್ಟಿಲ್ಲ. ಆದರೆ ಮರುವರ್ಷ ಅವಳು ಇಗರ್ಜಿಯಲ್ಲಿ ಎಲ್ಲರೆದುರು, "ಇದು ನಮ್ಮಮ್ಮನ ತವರಿಂದ ಬಂದ ಗಿಡ" ಎಂದುಬಿಟ್ಟಳು. ಅಂದಿನಿಂದ ಮೂವತ್ತೊಂದು ವರ್ಷ ಇಬ್ಬರಿಗೂ ಮಾತಿಲ್ಲ. ಹೋದ ವರ್ಷದ ಹಿಮಕ್ಕೆ ಮಿಕ್ಕವರ ಮನೆಯ ಗಿಡಗಳೆಲ್ಲ ಕರಟಿಹೋಗಿ, ಇವರಿಬ್ಬರವು ಮಾತ್ರ ಉಳಿದವು.

ಈ ಏಪ್ರಿಲ್‌ನಲ್ಲಿ ಡೆಯೊಲಿಂಡಾ ಕಣ್ಣು ತೋರಿಸಲು ಪೇಟೆಗೆ ಹೋಗಿದ್ದಾಗ ಅಳಿಯ ವಾಲ್ದೆಮೀರ್ ಬಂದ. ಪಟ್ಟಣದವನು. ಕೈ ಸುಮ್ಮನಿರದೆ ಮಚ್ಚು ಹಿಡಿದು ಮರ ಹತ್ತಿದ. ಅವಳು ಮರಳುವಷ್ಟರಲ್ಲಿ ಮರ ಬೋಳಾಗಿತ್ತು, ಬೊಡ್ಡೆಗೆ ಸುಣ್ಣವೂ ಬಳಿದಾಗಿತ್ತು.

"ನೋಡಿ ಅತ್ತೆ! ಬಂದಳಿಕೆ ಎಲ್ಲ ಕಿತ್ತು ಸುಟ್ಟೆ. ಪಾಪ, ಮರ ಈಗ ಉಸಿರಾಡ್ತಿದೆ."

"ನಿನ್ನ ಉಸಿರು ನಿಂತೋಗ! ಮುಖದಲ್ಲಿರೋದು ಕಣ್ಣೋ ಗೋಲೀನೋ? ನಮ್ಮಜ್ಜೀನೇ ಸುಟ್ಟಾಕಿದ್ಯಲ್ಲೋ ದರಿದ್ರದವ್ನೇ!"

ವಾಲ್ದೆಮೀರ್ ಬಡಿಸಿಕೊಂಡ ಹುರುಳಿಕಾಯಿಯ ಸಾರನ್ನೂ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ಮುದುಕಿ ಕತ್ತಲಾಗುವವರೆಗೂ ಬೂದಿ ಕೆದಕಿದಳು. ಹಸುರೆಂಬುದು ಒಂದು ಚೂರೂ ಸಿಗಲಿಲ್ಲ.

ಮರುದಿನ ಜೊರೈಡೆ ತನ್ನ ಗಿಡದ ತುಂಡು ನೆಟ್ಟ ಕುಂಡವೊಂದಕ್ಕೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಾಗಿಲಿಗೆ ಬಂದಳು. ಹಿಂದೆ ಇಗರ್ಜಿಯ ನಾಲ್ಕು ಹೆಂಗಸರು.

"ತಗೋ, ಡೆಯೊಲಿಂಡಾ. ಮನಸಾರೆ ಕೊಡ್ತಿದೀನಿ."

"ಕೊಟ್ಟದ್ದು ಸಾಯತ್ತೆ ಅಂತ ನಿಂಗೊತ್ತಿಲ್ವಾ? ಕದ್ದೆ, ಸುಳ್ಳು ಹೇಳ್ದೆ, ಈಗ ಊರ ಮುಂದೆ ದಾನ ಮಾಡಕ್ಕೆ ಬಂದ್ಯಾ? ರಿಬ್ಬನ್ ಬೇರೆ!"

ಬಾಗಿಲು ಧಡಾರನೆ ಮುಚ್ಚಿತು. ಮೂರು ದಿನ ಅವಳು ಒಲೆಗೂ ಬೈದಳು, ಕೋಳಿಗೂ ಬೈದಳು. ಜೊರೈಡೆಯ ಹಿತ್ತಿಲಿನಿಂದ ಕದಿಯದಿದ್ದರೆ ಅಜ್ಜಿಯ ಗಿಡ ಇನ್ನು ತನ್ನ ಮರದಲ್ಲಿಲ್ಲ.

ನಾಲ್ಕನೆಯ ದಿನ ನಡು ಮಧ್ಯಾಹ್ನ ಮುದುಕಿ ಬೇಲಿ ನುಸುಳಿದಳು, ಲಂಗ ಹರಿಯಿತು. ಜಗಲಿಯಲ್ಲಿ ಕಾಳು ಆರಿಸುತ್ತಿದ್ದ ಜೊರೈಡೆ ತಟ್ಟನೆ ಬೆನ್ನು ತಿರುಗಿಸಿ ಕುಳಿತಳು. ಗಿಡದ ತುಂಡು ಮುರಿದ ಸದ್ದು ಕೇಳಿದ್ದೇ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಎರಡು ತಗೊಳ್ಳೇ! ನಾನು ನಿನ್ನ ಮರದಿಂದ ಎರಡು ತುಂಡು ಕದ್ದಿದ್ದೆ!"

ಡೆಯೊಲಿಂಡಾ ಮೂವತ್ತೊಂದು ವರ್ಷ ಕಾದ ಮಾತು ಅದು.

"ಬಾಯಿ ಮುಚ್ಚೇ ಮುದುಕಿ! ನೀನು ತಗೋ ಅಂದ್ರೆ ಇದು ಹಿಡಿಯಲ್ಲ!" ಎಂದು ಗದರಿ, ಕೈಯಲ್ಲಿದ್ದುದನ್ನು ಎಸೆದು, ಜೊರೈಡೆಯ ಅಪ್ಪಣೆಯಿಲ್ಲದ ಮೂರು ತುಂಡುಗಳನ್ನು ಮುರಿದು ಮಡಿಲಿಗೆ ಹಾಕಿಕೊಂಡಳು.