ಕರ್ನಲಪ್ಪನ ಹೆಸರಿನ ಸಕ್ಕರೆ

ನನ್ನ ಅವ್ವ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದು ಡಾಕ್ಟರಾದ ಮಗಳ ಮಾತು ಕೇಳಿ ಅಲ್ಲ. ಉಕ್ರೇನಿನ ಒಬ್ಬ ಕರ್ನಲ್ ಸೆರೆಸಿಕ್ಕ ಸುದ್ದಿ ಕೇಳಿ.

ಅಲ್ಲಿ ಡಾಕ್ಟರಿಕೆ ಓದುವಾಗ ನಾನು ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಮಾನ್ವಿಯಿಂದ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ಅವರ ಹೊಟ್ಟೆಗೇ ಹೋಗುತ್ತಿತ್ತು. ಬೇಯಿಸಿದ ಆಲೂಗಡ್ಡೆಗೆ ಚಟ್ನಿ ಹಚ್ಚಿ, ಮೂಗು ಒರೆಸಿಕೊಳ್ಳುತ್ತಾ ತಿನ್ನುವ ಅವರನ್ನು ವಿಡಿಯೊದಲ್ಲಿ ಕಂಡು ಅವ್ವ, “ಇವ್ರೆಂಥಾ ಕರ್ನಲ್ಲ ಬೇ, ಮೀಸೀನ ಇಲ್ಲ!” ಎಂದು ನಕ್ಕಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಅವರು ಕರ್ನಲಪ್ಪ. ಯುದ್ಧ ಶುರುವಾದಾಗ ತಮ್ಮ ಪಡೆ ಸೇರಲು ಹೊರಟವರು ದಾರಿಯಲ್ಲಿ ನನ್ನನ್ನು ರೈಲು ನಿಲ್ದಾಣಕ್ಕೆ ಬಿಟ್ಟು, ಕೈಗವಸು ಕಳಚಿ ನನಗೇ ಕೊಟ್ಟುಹೋದರು.

ಅವರು ಸೆರೆಸಿಕ್ಕ ಮೇಲೆ ಅವರ ಹೆಂಡತಿ ಪ್ರತಿ ಭಾನುವಾರ ನನಗೆ ವಿಡಿಯೊ ಕಾಲ್ ಮಾಡುತ್ತಾರೆ. ಕೈದಿಗಳ ವಿನಿಮಯವಾದಾಗಲೆಲ್ಲ ಗಂಡನ ಫೋಟೊ ಹಿಡಿದು ಬಸ್ಸುಗಳ ಮುಂದೆ ನಿಲ್ಲುತ್ತಾರೆ. ಇಳಿದವರನ್ನೆಲ್ಲ, ಇವರನ್ನು ಎಲ್ಲಾದರೂ ಕಂಡಿರಾ ಎಂದು ಕೇಳುತ್ತಾರೆ.

“ಅವ್ರು ಮನಿಗೆ ಬರೂತನಾ ನಂಗ ಸಕ್ರಿ, ಸಿಹಿ ಏನೂ ಬ್ಯಾಡ. ಬಂದ ದಿನ ದರ್ಗಾದಾಗ ಸಕ್ರಿ ಓದಸ್ತೀನಿ,” ಎಂದು ಅವ್ವ ಹರಕೆ ಹೊತ್ತಳು. ನಮ್ಮ ಕಡೆ ಹರಕೆ ಫಲಿಸಿದರೆ, ಯಾರಿಗಾಗಿ ಹೊತ್ತಿದ್ದೋ ಅವರ ಹೆಸರು ಹೇಳಿ ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ, ಓಣಿಗೆಲ್ಲ ಹಂಚುತ್ತೇವೆ.

ಹಿರೇಕೊಟ್ನೆಕಲ್ಲಿನಲ್ಲಿ ತಂಗಿಯ ಕುಬಸ. ಬಸುರಿ ಮಗಳ ಪಕ್ಕದಲ್ಲೇ ಕೂತು ಅವ್ವ ಹೋಳಿಗೆ ಮುಟ್ಟಲಿಲ್ಲ. ಅಪಶಕುನವೆಂದು ಬೀಗರು ಗುಸುಗುಸು ಶುರುಮಾಡಿದರು, ತಂಗಿ ಕಣ್ಣೀರು ಹಾಕಿದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

“ಬಿಟ್ಟಾರ ಬೇ ಅವ್ರನ್ನ! ಮನಿಗೆ ಬಂದಾರ! ಇನ್ನರ ತಿನ್ನು!” ಎಂದುಬಿಟ್ಟೆ.

ಅವ್ವ ಅಳುತ್ತಲೇ ಎರಡು ಹೋಳಿಗೆ ತಿಂದಳು. ನಾಲ್ಕು ದಿನ ಬಿಟ್ಟು ನಿಜ ಹೇಳಿದರಾಯಿತು ಅಂದುಕೊಂಡೆ. ಆದರೆ ಗುರುವಾರ ನಾನು ಡ್ಯೂಟಿ ಮುಗಿಸಿ ಬರುವುದರೊಳಗೆ ಅವಳು ಕರ್ನಲಪ್ಪನ ಹೆಸರಲ್ಲಿ ಸಕ್ಕರೆ ಓದಿಸಿ ಓಣಿಗೆಲ್ಲ ಹಂಚಿಬಂದಿದ್ದಳು. ನಿಜ ಹೇಳುವುದನ್ನು ಮತ್ತೆ ಮುಂದಕ್ಕೆ ಹಾಕಿದೆ.

ಭಾನುವಾರ ಫೋನ್ ರಿಂಗಾದದ್ದೇ ಅವ್ವ ಕಸಿದುಕೊಂಡು, ಸಕ್ಕರೆ ತಟ್ಟೆಯನ್ನು ತೆರೆಗೆ ಹಿಡಿದು, “ಬಾಯಿ ಸಿಹಿ ಮಾಡ್ಕೊಳ್ರೀ! ನಿಮ್ಮ ಮನಿಯವ್ರು ಬಂದ್ರಲ್ಲ!” ಎಂದು ನಕ್ಕಳು. ಕರ್ನಲಪ್ಪನ ಹೆಂಡತಿಗೆ ಕನ್ನಡ ಬಾರದು. ಆದರೆ ಹರಕೆಯ ಕಥೆಯನ್ನು ನಾನೇ ಹಿಂದೆ ಹೇಳಿದ್ದೆ. ಸಕ್ಕರೆ ನೋಡಿದವರೇ ಎದ್ದು ನಿಂತರು.

“ಬಿಟ್ಟರಾ? ನಿಮಗೆ ಯಾರು ಹೇಳಿದರು? ಬಸ್ಸು ಎಲ್ಲಿಗೆ ಬರುತ್ತದೆ?” ಎಂದು ತಮ್ಮ ಭಾಷೆಯಲ್ಲಿ ಕೇಳುತ್ತಾ ಕೋಟಿನ ಒಂದು ತೋಳು ಹಾಕಿಕೊಂಡಿದ್ದರು.

ಅಯ್ಯೋ ದೇವರೇ. ಮೊದಲು ಅವ್ವನಿಗೆ ಹೇಳಿದೆ: “ಸುಳ್ಳು ಹೇಳಿದ್ನೆವ್ವಾ. ಅವ್ರು ಬಂದಿಲ್ಲ.”

ಅವ್ವ ನನ್ನನ್ನು ಬಯ್ಯಲಿಲ್ಲ. ತೆರೆಯಲ್ಲಿ ಅರ್ಧ ತೊಟ್ಟ ಕೋಟನ್ನೇ ನೋಡುತ್ತಾ ಮೆಲ್ಲಗೆ ಅಂದಳು: “ಈ ಮುದುಕಿಗೆ ತಿಳೀಲಿಲ್ಲ, ತಪ್ಪು ನಂದ ಅಂತ ಹೇಳ ಆಕಿಗೆ.”

ನಾನು ಹಾಗೆ ಹೇಳಲಿಲ್ಲ. ಸುಳ್ಳು ನನ್ನದು ಎಂದೆ. ಅವರೂ ಬಯ್ಯಲಿಲ್ಲ, ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋಟು ತೆಗೆಯುವುದನ್ನೂ ಮರೆತು ಕುರ್ಚಿಯಲ್ಲಿ ಕೂತರು.

ಅವ್ವ ತಟ್ಟೆಯ ಸಕ್ಕರೆಯನ್ನು ಡಬ್ಬಿಗೆ ಸುರಿದು ಮುಚ್ಚಳ ಬಿಗಿದಳು. ಮರುದಿನ ಬೆಳಿಗ್ಗೆ ಎರಡು ಕಪ್ ಚಹಾ ಸೋಸಿದಳು. ಎರಡಕ್ಕೂ ಸಕ್ಕರೆ ಹಾಕಿರಲಿಲ್ಲ. ನಾನು ಕೇಳದೆ ಕುಡಿದೆ.