ನಾನೇ ಬಿಚ್ಚಿದ ಸ್ಟೀರಿಂಗ್

ರಾಮನಗರದ ಒಂದು ಐಟಿಐನಲ್ಲಿ ನಾನು ಮೋಟಾರು ವಾಹನ ವಿಭಾಗದ ಬೋಧಕ. ಹದಿನೈದು ವರ್ಷದಿಂದ ಮಕ್ಕಳಿಗೆ ಬ್ರೇಕು, ಗೇರು, ಸ್ಟೀರಿಂಗು ಹೇಳಿಕೊಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನೆಲ್ಲ ಗೊತ್ತಿಲ್ಲದೆ ಮಾಡಿದೆ ಅಂತ ಯಾರೂ ಅಂದುಕೊಳ್ಳಬಾರದು.

ನಮ್ಮದು ಬೈರಾಪಟ್ಟಣ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ. ಅಪ್ಪ ಇವತ್ತಿಗೂ ಬೆಳಿಗ್ಗೆ ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾರೆ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕನನ್ನು ಗುಡೇಮಾರನಹಳ್ಳಿಗೆ ಕೊಟ್ಟಿದೆ. ಮಾಗಡಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಅವಳು ಕನ್ನಡ ಮೇಷ್ಟ್ರು. ಮೇಡಂ ಅನ್ನಬೇಕು, ಆದರೆ ನಮ್ಮ ಅಪ್ಪ ಎಲ್ಲರ ಹತ್ತಿರವೂ "ನನ್ನ ಮಗಳು ಮೇಷ್ಟ್ರು" ಅಂತಲೇ ಹೇಳುತ್ತಾರೆ.

ಮೂರು ವರ್ಷದ ಹಿಂದೆ ನಾನು ಒಂದು ಕೆಂಪು ಕಾರು ಕೊಂಡೆ. ನೋಡಲು ಸಣ್ಣದು, ಒಳಗೆ ಟರ್ಬೊ ಎಂಜಿನ್. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಬೆಂಗಳೂರಿನ ನಿವೃತ್ತ ಯಜಮಾನರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅವರು ಮಗನಿಗಾಗಿ ಕೊಂಡಿದ್ದರಂತೆ, ಮಗ ಬಿಟ್ಟು ಹೋದ ಮೇಲೆ ವಾರಕ್ಕೊಮ್ಮೆ ಒರೆಸಿ, ಒಂದು ಸುತ್ತು ಹೋಗಿ ಬಂದು ನಿಲ್ಲಿಸುತ್ತಿದ್ದರು. ಸರ್ವಿಸಿನ ಒಂದೊಂದು ಬಿಲ್ಲನ್ನೂ ಫೈಲು ಮಾಡಿ ಕೊಟ್ಟರು. ಅಂದು ಅಕ್ಕ ನನ್ನ ಜೊತೆ ಬಂದಿದ್ದಳು. ಊರಿಗೆ ತಂದ ಮೇಲೆ ನಿಂಬೆಹಣ್ಣು ಇಟ್ಟು, ಸ್ಟೀರಿಂಗಿನ ನಡುವೆ ಅರಿಶಿನ ಕುಂಕುಮ ಹಚ್ಚಿದವಳೂ ಅವಳೇ.

ಹದಿನೈದು ದಿನದಲ್ಲಿ ಆ ಸ್ಟೀರಿಂಗನ್ನು ನಾನು ಬಿಚ್ಚಿ ಹಾಕಿದೆ.

ಕಾರಣ ಹೇಳಲು ಈಗಲೂ ಮುಖ ಬಾಡುತ್ತದೆ. ಭಾನುವಾರ ಬೆಳಿಗ್ಗೆ ಹೈವೇ ಬದಿಯ ಹೋಟೆಲಿನ ಮುಂದೆ ಇಂಥ ಕಾರುಗಳವರು ಸೇರುತ್ತಿದ್ದರು. ಬಹುತೇಕರು ನನಗಿಂತ ಹತ್ತು ವರ್ಷ ಚಿಕ್ಕವರು. ಅವರ ಕಾರಿನೊಳಗೆ ರೇಸಿನವರು ಹಿಡಿಯುವಂಥ ಪುಟ್ಟ ಸ್ಟೀರಿಂಗ್ ಇರುತ್ತಿತ್ತು, ಕಪ್ಪು ಚರ್ಮ, ಕೆಂಪು ಹೊಲಿಗೆ. ಒಬ್ಬ ನನ್ನ ಕಾರಿನೊಳಗೆ ಇಣುಕಿ, "ಸಾರ್, ಗಾಡಿ ಸೂಪರ್, ಸ್ಟೀರಿಂಗ್ ಮಾತ್ರ ಅಂಕಲ್ ಥರ ಐತೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೆಯ ದಿನವೇ ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ.

ಕಂಪನಿಯ ಸ್ಟೀರಿಂಗಿನ ಹೊಟ್ಟೆಯೊಳಗೆ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ತಂದು ಹಾಕುವ ಸ್ಟೀರಿಂಗಿನಲ್ಲಿ ಅದು ಇರುವುದಿಲ್ಲ. ನಡುವೆ ಒಂದು ಹಾರ್ನ್ ಬಟನ್ನು, ಅದರ ಹಿಂದೆ ಸ್ಟೀರಿಂಗ್ ದಂಡಕ್ಕೆ ಜೋಡಿಸುವ ಗಟ್ಟಿ ಅಲ್ಯೂಮಿನಿಯಂ ತುಂಡು, ಅಷ್ಟೇ. ಕಂಪನಿಯದು ಗುದ್ದಿದರೆ ಬಗ್ಗುತ್ತದೆ, ಇದು ಬಗ್ಗುವುದಿಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. "ತಲೆ ಮುಂದಕ್ಕೆ ಬರೋದರೊಳಗೆ ಚೀಲ ಉಬ್ಬಿರುತ್ತೆ, ಅದಿಲ್ದಿದ್ರೆ ಮುಖ ಹೋಗಿ ಕಬ್ಬಿಣಕ್ಕೆ ಬಡಿಯುತ್ತೆ" ಅಂತ ಇದೇ ಬಾಯಲ್ಲಿ ಹೇಳಿದ್ದೇನೆ.

ಮನೆ ಮುಂದಿನ ಹೊಂಗೆ ಮರದ ಕೆಳಗೆ ನಾನೇ ಕೂತು ಕೆಲಸ ಮಾಡಿದೆ. ಬ್ಯಾಟರಿ ಬಿಚ್ಚಿ ಅರ್ಧ ಗಂಟೆ ಕಾದೆ. ಏರ್‌ಬ್ಯಾಗ್ ತೆಗೆಯುವಾಗ ಇಷ್ಟು ಕಾಯಬೇಕೆಂಬ ನಿಯಮ ತಪ್ಪಿಸಲಿಲ್ಲ. ಅದನ್ನು ಹೊರಗೆ ತೆಗೆದು ಮುಖ ಮೇಲೆ ಮಾಡಿಯೇ ಇಟ್ಟೆ. ನಡುವಿನ ನಟ್ಟು ಬಿಚ್ಚುವ ಮೊದಲು ದಂಡದ ಮೇಲೆ ಗುರುತು ಹಾಕಿಕೊಂಡೆ. ಎಲ್ಲ ಕ್ರಮಬದ್ಧ. ಕ್ರಮಬದ್ಧವಾಗಿ ತಪ್ಪು ಮಾಡಿದೆ. ಹೊಸದನ್ನು ಕೂರಿಸಿ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು. ನಿಮ್ಮ ಎದುರಿಗೆ ಏರ್‌ಬ್ಯಾಗ್ ಇಲ್ಲ ಎಂದು ಕಾರು ನಿಜವನ್ನೇ ಹೇಳುತ್ತಿತ್ತು. ನಾನು ವೈರಿನ ತುದಿಗೆ ಒಂದು ಪುಟ್ಟ ರೆಸಿಸ್ಟರ್ ಬೆಸೆದು, ಏರ್‌ಬ್ಯಾಗ್ ಇದೆಯೆಂದು ಕಾರನ್ನು ನಂಬಿಸಿ ದೀಪ ಆರಿಸಿದೆ. ಹಳೆಯ ಸ್ಟೀರಿಂಗನ್ನೂ ಏರ್‌ಬ್ಯಾಗನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಮನೆಯಲ್ಲಿ ಯಾರೂ ಕೇಳಲಿಲ್ಲ. ಅಪ್ಪನಿಗೆ ಸ್ಟೀರಿಂಗ್ ಅಂದರೆ ಸ್ಟೀರಿಂಗ್. ಹೆಂಡತಿ "ಚೆನ್ನಾಗೈತೆ, ಚಿಕ್ಕದಾಗೈತೆ" ಅಂದಳು.

ಎಂಟು ತಿಂಗಳ ಮೇಲೆ ಒಂದು ಭಾನುವಾರ ಅಕ್ಕ ಮನೆಗೆ ಬಂದಿದ್ದಳು. ಸೋಮವಾರ ಅವಳಿಗೆ ಕನಕಪುರದಲ್ಲಿ ಶಿಕ್ಷಕರ ತರಬೇತಿ. ಬಸ್ಸು ಹಿಡಿದು ಹೋದರೆ ತಡವಾಗುತ್ತದೆಂದು ನಾನೇ ಹೇಳಿದೆ, "ಕಾರು ತಗಂಡೋಗು. ನನ್ನ ರಾಮನಗರದಲ್ಲಿ ಇಳಿಸು, ಸಂಜೆ ಬಂದು ಕರ್ಕೊಂಡೋಗು." ಅವಳಿಗೆ ಡ್ರೈವಿಂಗ್ ಕಲಿಸಿದ್ದೂ ನಾನೇ. ಚೆನ್ನಾಗಿ ಓಡಿಸುತ್ತಾಳೆ, ಆತುರವಿಲ್ಲ.

ಅಕ್ಕ ಕುಳ್ಳಿ. ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಕೂತವಳೇ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡಳು. ಎದೆಗೂ ಸ್ಟೀರಿಂಗಿಗೂ ಒಂದು ಗೇಣು ಜಾಗ ಉಳಿಯಿತು. ಸ್ಟೀರಿಂಗಿನ ಮೇಲೆ ಕೈಯಿಟ್ಟು ಒಂದು ಕ್ಷಣ ನೋಡಿದಳು. ನಾನು ಏನಾದರೂ ಕೇಳುತ್ತಾಳೆಂದು ಕಾದೆ. "ಬೆಲ್ಟ್ ಹಾಕ್ಕೊ" ಅಂದಳು, ಅಷ್ಟೇ. ಚನ್ನಪಟ್ಟಣ ದಾಟಿ ರಾಮನಗರ ಮುಟ್ಟುವವರೆಗೆ ಅವಳ ಪಕ್ಕದಲ್ಲೇ ಕೂತಿದ್ದೆ. ಆ ಒಂದು ಗೇಣನ್ನು ಎರಡು ಮೂರು ಸಲ ನೋಡಿದೆ. ಸೀಟು ಒಸಿ ಹಿಂದಕ್ಕೆ ತಗೋ ಅನ್ನಬಹುದಿತ್ತು. ಇದರಲ್ಲಿ ಏರ್‌ಬ್ಯಾಗ್ ಇಲ್ಲ ಕಣಕ್ಕ ಅನ್ನಬಹುದಿತ್ತು. ಹೇಳಿದರೆ ಯಾಕೆ ಅಂತ ಕೇಳುತ್ತಾಳೆ, ಕೇಳಿದರೆ ಹೋಟೆಲಿನ ಮುಂದೆ ಹುಡುಗರು ನಕ್ಕದ್ದನ್ನು ಹೇಳಬೇಕು. ಐಟಿಐ ಗೇಟಿನ ಹತ್ತಿರ ಇಳಿದು ಕೈ ಬೀಸಿದೆ.

ಕನಕಪುರ ರಸ್ತೆಯಲ್ಲಿ, ಪಕ್ಕದ ಮಣ್ಣು ದಾರಿಯಿಂದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ನೋಡದೆ ಮೇಲಕ್ಕೆ ಬಂತು. ಅಕ್ಕ ಬ್ರೇಕು ಒತ್ತಿ ಎಡಕ್ಕೆ ಎಳೆದಳು. ಕಾರು ಮೋರಿಯ ಕಟ್ಟೆಗೆ ಬಡಿಯಿತು. ದೊಡ್ಡ ಸ್ಪೀಡೇನೂ ಇರಲಿಲ್ಲ. ಬೆಲ್ಟ್ ಹಾಕಿದ್ದಳು, ಅದು ಎದೆಯನ್ನು ಹಿಡಿಯಿತು. ಮುಖ ಹೋಗಿ ಸ್ಟೀರಿಂಗಿನ ನಡುವಿಗೆ ಬಿತ್ತು. ಕೆಳದವಡೆ ಎರಡು ಕಡೆ ಮುರಿಯಿತು, ಮುಂದಿನ ಮೂರು ಹಲ್ಲು ಹೋದವು.

ನಾನು ಆಸ್ಪತ್ರೆಗೆ ಓಡುವಷ್ಟರಲ್ಲಿ ಭಾವ ಬಂದಿದ್ದರು. ಭಾವ ಬೇಸಾಯಗಾರರು, ಮಾತು ಕಡಿಮೆ. ಡಾಕ್ಟರು ಎಕ್ಸ್‌ರೇ ನೋಡುತ್ತ ಕೇಳಿದರು, "ಗಾಡೀಲಿ ಏರ್‌ಬ್ಯಾಗ್ ಇರಲಿಲ್ವಾ?"

"ಐತೆ ಸಾರ್, ಒಳ್ಳೆ ಗಾಡಿ. ಓಪನ್ ಆಗಿಲ್ಲ" ಅಂದರು ಭಾವ. ನನ್ನ ಕಡೆ ತಿರುಗಿ, "ಐತಲ್ವಾ?" ಅಂದರು.

"ಹೂಂ" ಅಂದೆ.

ಅದು ಮೊದಲನೆಯ ಸುಳ್ಳು.

ಅಕ್ಕನ ದವಡೆಗೆ ಪ್ಲೇಟು ಹಾಕಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಕಟ್ಟಿದರು. ತಿಂಗಳಿಗೂ ಹೆಚ್ಚು ಕಾಲ ಬಾಯಿ ತೆರೆಯುವ ಹಾಗಿಲ್ಲ. ಗಂಜಿ, ಹಾಲು, ಎಳನೀರು, ಎಲ್ಲ ಸ್ಟ್ರಾನಲ್ಲಿ. ಹೇಳಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಹೊರಗೆ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, "ಕಂಪ್ನಿಯೋರು ಮೋಸ ಮಾಡ್ಬುಟ್ರು ಕಣಪ್ಪ. ಚೀಲ ಬತ್ತದೆ ಅಂತಾರೆ, ಬರ್ನೇ ಇಲ್ಲ." ಭಾವ ಕಂಪನಿಯ ಮೇಲೆ ಕೇಸು ಹಾಕುತ್ತೇನೆಂದು ನಿಂತರು.

ನಾಲ್ಕನೆಯ ದಿನ ಅವರು ನನ್ನನ್ನು ಸರ್ವಿಸ್ ಸೆಂಟರಿಗೆ ಬಾ ಅಂದರು. ಕಾರನ್ನು ಅಲ್ಲಿಗೆ ಎಳೆದು ತಂದು ನಿಲ್ಲಿಸಿದ್ದರು. ನಾನು ಒಂದು ಗಂಟೆ ಮೊದಲೇ ಹೋದೆ. ಅಟ್ಟದಿಂದ ಹಳೆಯ ಸ್ಟೀರಿಂಗನ್ನೂ ಏರ್‌ಬ್ಯಾಗನ್ನೂ ಇಳಿಸಿ, ಸ್ಪ್ಯಾನರ್ ಸೆಟ್ಟಿನ ಜೊತೆ ಬ್ಯಾಗಿಗೆ ಹಾಕಿಕೊಂಡಿದ್ದೆ. ಬದಲಾಯಿಸಿಬಿಡುವುದು ನನ್ನ ಯೋಚನೆ. ಬಾಗಿಲು ತೆಗೆದೆ. ಹೊಸ ಸ್ಟೀರಿಂಗಿನ ಕೆಂಪು ಹೊಲಿಗೆಯ ಮೇಲೆ ಅವಳ ರಕ್ತ ಒಣಗಿ ಕಪ್ಪಾಗಿತ್ತು. ಕೈ ಮುಂದೆ ಹೋಗಲಿಲ್ಲ. ಒಳ್ಳೆಯ ಬುದ್ಧಿ ಬಂದು ನಿಲ್ಲಿಸಿತು ಅಂತ ಹೇಳಿಕೊಳ್ಳಲಾರೆ. ಹೆದರಿಕೆಯಾಯಿತು, ಅಷ್ಟೆ.

ಭಾವ ಬಂದು ಅಲ್ಲಿಯ ಮೇಲ್ವಿಚಾರಕನನ್ನು ಜೋರು ಮಾಡಿ ಕೇಳಿದರು. ಆತ ಸಮಾಧಾನದ ಮನುಷ್ಯ. ಕಾರಿನೊಳಗೆ ಬಗ್ಗಿ ನೋಡಿ, "ಸಾರ್, ಇದು ನಮ್ಮ ಸ್ಟೀರಿಂಗೇ ಅಲ್ಲ. ಹೊರಗೆ ಹಾಕಿಸಿರೋದು. ಇದರಲ್ಲಿ ಏರ್‌ಬ್ಯಾಗೇ ಇಲ್ಲ, ಎಲ್ಲಿಂದ ಓಪನ್ ಆಗುತ್ತೆ?" ಅಂದ. ಕೆಳಗೆ ಕೈ ಹಾಕಿ ರೆಸಿಸ್ಟರನ್ನು ಎಳೆದು ತೋರಿಸಿದ. "ಇದು ನೋಡಿ, ದೀಪ ಹತ್ತದ ಹಾಗೆ ಮಾಡಿದಾರೆ. ಕೆಲಸ ಗೊತ್ತಿರೋರೇ ಮಾಡಿರೋದು."

ಭಾವ ನನ್ನನ್ನು ನೋಡಿದರು. ಅನುಮಾನದಿಂದ ಅಲ್ಲ. ನಾನು ಬಲ್ಲವನು, ಏನಿದು ಅಂತ ಬಿಡಿಸಿ ಹೇಳುತ್ತೇನೆಂದು ನೋಡಿದರು.

"ಸೆಕೆಂಡ್ ಹ್ಯಾಂಡ್ ಅಲ್ವಾ ಭಾವ," ಅಂದೆ. "ನಾನು ತಗಂಡಾಗಲೇ ಹಿಂಗೇ ಇತ್ತು."

ಮುಂದಿನ ಎರಡು ದಿನ ಭಾವ ಬೇರೇನೂ ಮಾಡಲಿಲ್ಲ. ಕಾರಿನ ಫೈಲಿನಿಂದ ಆ ಯಜಮಾನರ ನಂಬರು ಹುಡುಕಿ, ಆಸ್ಪತ್ರೆಯ ವರಾಂಡದಲ್ಲಿ ನನ್ನೆದುರಿಗೇ ಫೋನ್ ಮಾಡಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ಏನ್ರೀ, ವಯಸ್ಸಾದೋರು ನೀವು, ಹಿಂಗಾ ಗಾಡಿ ಮಾರೋದು? ನನ್ನ ಹೆಂಡ್ತಿ ಬಾಯಿ ಕಟ್ಕಂಡು ಮಲ್ಗವ್ಳೆ." ಫೋನಿನ ಆ ಕಡೆಯ ಸಣ್ಣ ದನಿ ನನಗೂ ಕೇಳಿಸುತ್ತಿತ್ತು. "ನಾನು ಏನೂ ಬದಲಾಯಿಸಿಲ್ಲಪ್ಪ. ನನಗೆ ಅದೆಲ್ಲ ಗೊತ್ತೂ ಇಲ್ಲ" ಅಂತ ಅದು ಮತ್ತೆ ಮತ್ತೆ ಹೇಳುತ್ತಿತ್ತು. ನಾನು ಗೋಡೆಯ ಮೇಲಿನ ಲಸಿಕೆಯ ಪೋಸ್ಟರನ್ನು ಓದುತ್ತ ನಿಂತೆ.

ಎರಡನೆಯ ದಿನ ಮಧ್ಯಾಹ್ನ ಭಾವ ಊಟಕ್ಕೆ ಹೋದಾಗ ಅಕ್ಕನ ಹತ್ತಿರ ಕೂತೆ. ಮುಖ ಊದಿ ಬೇರೆ ಯಾರದೋ ಮುಖದ ಹಾಗಿತ್ತು, ಕಣ್ಣು ಮಾತ್ರ ಅವಳದು. "ಅಕ್ಕ, ಸ್ಟೀರಿಂಗ್ ಬದಲಾಯಿಸಿದ್ದು ನಾನು" ಅಂದೆ. ಬೇರೆ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ, ಅಷ್ಟೇ ಹೊರಬಂತು.

ಅವಳು ನೋಟ್‌ಬುಕ್ ತೆಗೆದುಕೊಂಡು ನಿಧಾನವಾಗಿ ಬರೆದಳು. "ಗೊತ್ತು. ಕುಂಕುಮ ಹಚ್ಚಿದ್ದು ನಾನಲ್ವಾ. ಅವತ್ತಿದ್ದದ್ದು ಇದಲ್ಲ."

ಭಾವ ಸರ್ವಿಸ್ ಸೆಂಟರಿನ ಕಥೆ ಬಂದು ಹೇಳಿದಾಗಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಎರಡು ದಿನದಿಂದ, ತಂತಿ ಕಟ್ಟಿದ ಬಾಯಲ್ಲಿ, ನಾನು ಹೇಳುತ್ತೇನಾ ಎಂದು ಕಾದಿದ್ದಳು. ನನಗೆ ಅಳು ಬಂತು. ಅವಳು ಪುಟ ತಿರುಗಿಸಿ ಮತ್ತೆ ಬರೆದಳು. "ನನ್ನ ಹತ್ರ ಅಳಬೇಡ. ಮೊದ್ಲು ನಿಮ್ಮ ಭಾವಂಗೆ ಹೇಳು. ಆಮೇಲೆ ಆ ಯಜಮಾನರಿಗೆ ಫೋನ್ ಮಾಡು."

ಭಾವ ಕ್ಯಾಂಟೀನಿನಲ್ಲಿ ಮುದ್ದೆ ಮುಗಿಸಿ ಕೈ ತೊಳೆಯುತ್ತಿದ್ದರು. ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆಯಲಿ ಅಂತಲೂ ಇತ್ತು. ಅವರು ನಲ್ಲಿ ನಿಲ್ಲಿಸಿ, ಪಂಚೆಯ ಅಂಚಿಗೆ ಕೈ ಒರೆಸಿಕೊಂಡರು.

"ಆ ಮುದುಕಪ್ಪನ್ನ ಅಷ್ಟು ಬೈದ್ನಲ್ಲೊ," ಅಂದರು. "ನೀನು ಪಕ್ಕದಲ್ಲೇ ನಿಂತಿದ್ದೆ."

ಅಷ್ಟು ಹೇಳಿ ವಾರ್ಡಿಗೆ ಹೋದರು. ಅಪ್ಪನಿಗೆ ಹೇಳಿದ್ದೂ ಅವರಲ್ಲ, ನಾನೇ. ಅಪ್ಪ ಅಂದಿನಿಂದ ಜನರೆದುರು ಕಂಪನಿಯ ಸುದ್ದಿ ಎತ್ತುವುದನ್ನು ಬಿಟ್ಟರು.

ಯಜಮಾನರಿಗೆ ಅಂದೇ ಸಂಜೆ ಫೋನ್ ಮಾಡಿದೆ. ಪೂರ್ತಿ ಹೇಳುವವರೆಗೆ ಕೇಳಿಸಿಕೊಂಡರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. "ಆ ಹೆಣ್ಣುಮಗಳು ಈಗ ಹೇಗಿದಾರೆ?" ಅಂತ ಕೇಳಿದರು ಮೊದಲು. ಆಮೇಲೆ ಅಂದರು, "ನಿಮ್ಮ ಭಾವ ಫೋನ್ ಮಾಡಿದ ಮೇಲೆ ನನ್ನ ಮಗನ ಮೇಲೇ ಅನುಮಾನ ಬಂತು ನನಗೆ. ಅವನೇನಾದರೂ ನನಗೆ ಗೊತ್ತಿಲ್ಲದೆ ಬದಲಾಯಿಸಿದ್ನೋ ಅಂತ. ಅವನು ಹೋಗಿ ನಾಲ್ಕು ವರ್ಷ ಆಯ್ತು, ಕೇಳೋಣ ಅಂದ್ರೆ ಇಲ್ಲ."

ಮಗ ಬಿಟ್ಟು ಹೋದ ಅಂತ ಅವರು ಕಾರು ಮಾರುವಾಗ ಹೇಳಿದ್ದನ್ನು ನಾನು ಬೇರೆ ಊರಿಗೆ ಹೋದ ಅಂತ ತಿಳಿದಿದ್ದೆ. ತಪ್ಪಾಯಿತು ಅಂದೆ. "ಆಯ್ತಪ್ಪ, ಹೇಳಿದ್ದು ಒಳ್ಳೇದಾಯ್ತು" ಅಂದು ಫೋನ್ ಇಟ್ಟರು.

ಬ್ಯಾಗಿನಲ್ಲಿ ಹೊತ್ತು ತಿರುಗಿದ್ದ ಏರ್‌ಬ್ಯಾಗನ್ನು ಸರ್ವಿಸ್ ಸೆಂಟರಿಗೆ ಕೊಟ್ಟೆ. ಮೇಲ್ವಿಚಾರಕ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಎಲ್ಲಿಟ್ಟಿದ್ರಿ ಅಂತ ಕೇಳಿದ. ಅಟ್ಟದಲ್ಲಿ ಅಂದೆ. "ಇದರೊಳಗೆ ಸಿಡಿಯೋ ಮದ್ದು ಇರುತ್ತೆ, ಮನೇಲಿ ಇಡೋ ಸಾಮಾನಲ್ಲ ಸಾರ್" ಅಂದ. ರಜೆಯಲ್ಲಿ ಬರುತ್ತಿದ್ದ ಅಕ್ಕನ ಮಗಳು ಆ ಅಟ್ಟದ ಕೆಳಗೇ ಮಲಗುತ್ತಿದ್ದಳು. ಅದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಕಾರಿಗೆ ಕಂಪನಿಯದೇ ಹೊಸ ಸ್ಟೀರಿಂಗ್, ಹೊಸ ಏರ್‌ಬ್ಯಾಗ್ ಹಾಕಿಸಿ ಓಡಿಸುತ್ತಿದ್ದೇನೆ. ಭಾನುವಾರದ ಗುಂಪಿಗೆ ಮತ್ತೆ ಹೋಗಲಿಲ್ಲ. ಐಟಿಐನಲ್ಲಿ ಏರ್‌ಬ್ಯಾಗಿನ ಪಾಠ ಬಂದಾಗ ಮಕ್ಕಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ, "ಗೊತ್ತಿದ್ದೂ ಯಾಕ್ ಹಾಕಿದ್ರಿ ಸಾರ್?" ಅಂದಳು. ಚೆನ್ನಾಗಿ ಕಾಣಲಿ ಅಂತ ಅಂದೆ. ಯಾರೂ ನಗಲಿಲ್ಲ.

ಅಕ್ಕ ಮೂರು ತಿಂಗಳಾದ ಮೇಲೆ ಶಾಲೆಗೆ ಹೋದಳು. ಹಲ್ಲು ಕಟ್ಟಿಸಿಕೊಂಡಿದ್ದಾಳೆ, ಆದರೆ 'ಸ' ಹೇಳುವಾಗ ಗಾಳಿ ನುಸುಳುತ್ತದೆ. ಪದ್ಯ ಓದುವಾಗ ಆ ಅಕ್ಷರ ಬಂದ ಕಡೆ ಒಂದು ಚೂರು ನಿಧಾನ ಮಾಡುತ್ತಾಳೆ. ಗೊತ್ತಿಲ್ಲದವರಿಗೆ ಅದು ಓದುವ ಶೈಲಿ ಅನ್ನಿಸಬಹುದು.

ಗಲ್ಲದ ಕೆಳಗೆ ಗಾಯದ ಗುರುತು ಉಳಿದಿದೆ. ಮದುವೆ ಮನೆಗಳಲ್ಲಿ ಯಾರಾದರೂ ಏನಾಯಿತೆಂದು ಕೇಳುತ್ತಾರೆ. ನಾನು ಪಕ್ಕದಲ್ಲಿದ್ದರೂ ಇಲ್ಲದಿದ್ದರೂ ಅವಳು ಹೇಳುವುದು ಒಂದೇ. "ಕನಕಪುರ ರೋಡಲ್ಲಿ ಟ್ರ್ಯಾಕ್ಟರ್ ಅಡ್ಡ ಬಂತು." ಅಲ್ಲಿಗೆ ನಿಲ್ಲಿಸಿ, ಅವರ ಮಕ್ಕಳು ಏನು ಓದುತ್ತಿದ್ದಾರೆಂದು ಕೇಳುತ್ತಾಳೆ. ಒಮ್ಮೆಯಾದರೂ ನನ್ನ ಕಡೆ ಕೈ ತೋರಿಸಿ ಇವನಿಂದ ಆಯಿತು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಅನ್ನುವುದಿಲ್ಲ. ಕೇಳಿದವರೆದುರು ನಾನಾದರೂ ಬಾಯಿ ತೆರೆಯಬೇಕು. ಇದುವರೆಗೆ ತೆರೆದಿಲ್ಲ.